ಓಬಳಮ್ಮನ ಮಂಡಿನೋವು

ಮಧುಗಿರಿ
೧೨ ಜೂನ್ ೨೦೨೫

ಪ್ರೀತಿಯ ಅಮ್ಮನಿಗೆ ನಿನ್ನ ಯಶುವಿನ ನಮಸ್ಕಾರ.

ಇಲ್ಲೇ ಇರುವ ತೋವಿನಕೆರೆಗೆ ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಾದರೆ ಊಟ ಆಯ್ತಾ ಎಂದು ಮಾತು ತಿರುಗಿಸಿಬಿಡುತ್ತೀಯ. ಕಾಗದದ ಮುಂದೆ ನಿನ್ನ ಆಟ ನಡೆಯುವುದಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಒಂದು ಹೊಸ ಪದ್ಧತಿ ತಂದಿದ್ದೇನೆ. ಅಫೀಮಿನ ಜಾತಿಯ ನೋವಿನ ಮಾತ್ರೆಗಳನ್ನು ಬಹಳ ದಿನದಿಂದ ನುಂಗುತ್ತಿರುವವರು ಯಾರೇ ಬರಲಿ, ಚೀಟಿ ಬರೆಯುವ ಮೊದಲು ವಿಚಾರಿಸುತ್ತೇನೆ. ಹೇಳಿದ್ದಕ್ಕಿಂತ ಜಾಸ್ತಿ ಬೇಕಾಗುತ್ತಿದೆಯೇ? ಒಂದು ಹೊತ್ತು ತಪ್ಪಿದರೆ ಮೈಗೆ ಏನಾಗುತ್ತದೆ? ಬಿಡಲು ನೋಡಿದ್ದೀರಾ? ಜನ ಸಿಡುಕುತ್ತಾರೆ ಎಂದು ನರ್ಸ್ ಮಂಜುಳಾ ಹೆದರಿದ್ದಳು. ಗದರದೆ ಕೇಳಿದರೆ ಯಾರೂ ಮುಚ್ಚಿಡುವುದಿಲ್ಲ. ಮಿಡಿಗೇಶಿಯ ಒಬ್ಬರಿಗೆ ಆಗಲೇ ಮಾತ್ರೆ ಅರ್ಧಕ್ಕೆ ಇಳಿದಿದೆ, ಈಗ ಮೀಸೆ ತಿರುವಿಕೊಂಡು ಬರುತ್ತಾರೆ.

ಇವತ್ತು ನಿನ್ನ ಪಕ್ಕದ ಮನೆ ಓಬಳಮ್ಮ ಬಂದಿದ್ದರು. ಮಂಡಿನೋವಂತೆ, ಆ ಮಾತ್ರೆಯೇ ಬೇಕಂತೆ. ಔಷಧಿ ಅಂಗಡಿಯವನು ಚೀಟಿ ಇಲ್ಲದೆ ಕೊಡೋದಿಲ್ಲ ಎಂದನಂತೆ. ಬರೆದುಕೊಡಲು ನಮ್ಮ ಹುಡುಗಿಯೇ ಇರುವಾಗ ಬೇರೆಯವರ ಹತ್ತಿರ ಯಾಕೆ ಎಂದು ಸೀದಾ ಇಲ್ಲಿಗೆ ಬಂದಿದ್ದಾರೆ. ಬೆಂಚು ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದವರು, ಹೆಸರು ಕೂಗಿದ ಕೂಡಲೇ ಕೈಯೂರದೆ ಎದ್ದರು. ನಗು ತಡೆದುಕೊಂಡು ಪ್ರಶ್ನೆ ಕೇಳಿದೆ. ಹೊತ್ತು ತಪ್ಪಿದರೆ ಆಕಳಿಕೆ, ಮೂಗು ಸೋರುವುದು, ಕಾಲು ಸೆಳೆತ ಎಂದು ಎಲ್ಲ ಸರಿಯಾಗಿ ಹೇಳಿದರು. ಇದೆಲ್ಲ ಯಾರಿಗೆ ಆಗುತ್ತಿರುವುದು ಎಂದೆ.

"ನಂಗಲ್ಲ ಕಣಮ್ಮ, ನಿಮ್ಮಮ್ಮಂಗೆ. ನಿಂಗೆ ಮಾತ್ರ ಹೇಳ್ಬ್ಯಾಡ ಅಂದವ್ರೆ" ಎಂದು ಅತ್ತುಬಿಟ್ಟರು.

ಮಂಡಿ ಆಪರೇಷನ್ ಆದಾಗ ಕೊಟ್ಟಿದ್ದನ್ನು ನೀನು ಎಂದೋ ಬಿಟ್ಟಿದ್ದೀಯ ಎಂದುಕೊಂಡಿದ್ದೆ. ಆದರೂ ಅಮ್ಮಾ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೈ ಆ ಮಾತ್ರೆಗೆ ಒಗ್ಗಿಹೋಗಿದೆ, ಅಷ್ಟೇ. ಸ್ವಲ್ಪ ಸ್ವಲ್ಪವಾಗಿ ಬಿಡಿಸುವುದು ನನಗೆ ಗೊತ್ತು, ಬಿಡಿಸಿಯೇ ಬಿಡಿಸುತ್ತೇನೆ. ನೀನು ಎಷ್ಟೇ ಸಿಡುಕಿದರೂ ನಾನು ಜಗ್ಗುವವಳಲ್ಲ. ನಾಳೆಯವರೆಗೆ ಆಗುವಷ್ಟು ಮಾತ್ರೆ ಮನೆಯಲ್ಲಿದೆಯಂತೆ. ರಜೆ ಹಾಕಿದ್ದೇನೆ, ಮೊದಲ ಬಸ್ಸಿಗೇ ಬರುತ್ತೇನೆ.

ಈ ಕಾಗದ ತರುತ್ತಿರುವ ಓಬಳಮ್ಮನ ಮೇಲೆ ರೇಗಬೇಡ. ಅವರಿಗೆ ಒಂದು ಲೋಟ ಕಾಫಿ ಕೊಡು.

ನಿನ್ನ ಮಗಳು,
ಯಶಸ್ವಿನಿ

ವಿ.ಸೂ.: ನೀನು ಬಿಡಲು ನೋಡಿದ್ದೀಯಾ ಎಂದೂ ಓಬಳಮ್ಮನನ್ನು ಕೇಳಿದೆ. ನಾನು ಊರಿಗೆ ಬಂದಾಗಲೆಲ್ಲ ನೀನು ಮಾತ್ರೆ ಮುಟ್ಟುವುದಿಲ್ಲವಂತೆ, ಮಗಳ ಮುಂದೆ ಮಂಕಾಗಿ ಕೂರಬಾರದೆಂದು. ಯುಗಾದಿಯಲ್ಲಿ ನೀನು ಮೂಗು ಒರೆಸಿಕೊಳ್ಳುತ್ತಾ ಒಬ್ಬಟ್ಟು ತಟ್ಟಿದೆ. ನೆಗಡಿ ಎಂದು ನಾನು ಕಷಾಯ ಕಾಯಿಸಿಕೊಟ್ಟೆ. ನಾಳೆ ನಾನು ಬರುತ್ತೇನೆಂದು ಬೆಳಗಿನ ಮಾತ್ರೆ ಬಿಡಬೇಡ. ನನ್ನ ಮುಂದೆಯೇ ತೆಗೆದುಕೋ.