ಏಳನೇ ದಿಬ್ಬದ ಮೂಡಣ ತೊಟ್ಟಿ

ಬಂಗಾರಪೇಟೆ
ಅಕ್ಟೋಬರ್ 14, ಮಂಗಳವಾರ

ಕೋದಂಡಪ್ಪ ಮಾವನಿಗೆ ಮುನಿರಾಜುವಿನ ನಮಸ್ಕಾರಗಳು.

ನಿನ್ನೆ ಸಂಜೆ ಐದರ ಹೊತ್ತಿಗೆ ಏಳನೇ ದಿಬ್ಬ ಇನ್ನೂ ಒಂದು ಗೇಣು ಕೆಳಕ್ಕೆ ಜಾರಿದೆ. ಇದನ್ನು ತಿಳಿಸಿದ್ದು ಯಾವ ಕಚೇರಿಯೂ ಅಲ್ಲ, ಕುಂಟಪಲ್ಲಿಯ ಕೆರೆ ತೂಬು ನೋಡಿಕೊಳ್ಳುವ ನೀರುಗಂಟಿ ಬಚ್ಚಪ್ಪಣ್ಣ. ಬಿರುಕಿನ ಆಚೆಗೊಂದು ಈಚೆಗೊಂದು ಗೂಟ ನೆಟ್ಟು, ನಡುವೆ ದಾರ ಕಟ್ಟಿ, ಬೆಳಿಗ್ಗೆ ಸಂಜೆ ಅಳೆದು ನನಗೆ ಫೋನ್ ಮಾಡುತ್ತಾರೆ. ಅದೇ ಸಂಜೆ ಆರಕ್ಕೆ ನಮ್ಮಂಥ ವರದಿಗಾರರಿಗೆಲ್ಲ ಬಂದ ಸರ್ಕಾರಿ ಪ್ರಕಟಣೆಯಲ್ಲಿ ಪರಿಸ್ಥಿತಿ ಹತೋಟಿಯಲ್ಲಿದೆ ಎಂದಿತ್ತು. ಯಾರ ಹತೋಟಿಯಲ್ಲಿ ಎಂದು ಕೇಳಿದೆ.

ಭಾನುವಾರ ನಾನು ನಿಮ್ಮ ಮನೆಗೆ ಬಂದಿದ್ದೆ. ಸರಸ್ವತಮ್ಮ ಅತ್ತೆ ಬಾಗಿಲಲ್ಲೇ ನಿಂತು, ನೀವು ಹೊಲದ ಕಡೆ ಹೋಗಿದ್ದೀರಿ, ಬರುವುದು ತಡವಾಗುತ್ತದೆ ಎಂದರು. ನಿಮ್ಮ ಚಪ್ಪಲಿ ಹೊಸಿಲ ಬಳಿಯೇ ಇತ್ತು. ಮಂಚದ ಮೇಲೆ ಪೇಪರು ಹರಡಿತ್ತು, ಅದರ ಮೇಲೆ ಕನ್ನಡಕ. ಅತ್ತೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ ಮಾವ, ಕಾಫಿ ತರುವಾಗ ಮೂರು ಲೋಟ ತಂದರು. ತಂದ ಮೇಲೆ ನೆನಪಾಗಿ ಒಂದನ್ನು ಒಳಗೆ ತೆಗೆದುಕೊಂಡು ಹೋದರು. ನಾನು ಕಾಫಿ ಕುಡಿದು ಬಸ್ಸು ಹಿಡಿದೆ. ಎದುರಿಗೆ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 24ರ ಮಧ್ಯಾಹ್ನ ದಿಬ್ಬದ ದಕ್ಷಿಣದ ಮಗ್ಗುಲು ಕುಸಿದ ಸುದ್ದಿಯನ್ನು ನೀವು ಓದಿದ್ದೀರಿ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಚಿನ್ನ ತೆಗೆದುಳಿದ ಸೈನೈಡ್ ಹಿಟ್ಟನ್ನು ನೂರು ವರ್ಷ ಸುರಿದು ಮಾಡಿದ ದಿಬ್ಬ ಅದು. ನಾವು ಅದನ್ನು ಬೆಟ್ಟವೆಂದೇ ತಿಳಿದು ಬೆಳೆದೆವು. ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ ಸದ್ದು ಕೇಳಲೇ ಇಲ್ಲವಂತೆ. ಬದುವಿನ ಮೇಲಿದ್ದ ಕೊಕ್ಕರೆಗಳು ಒಟ್ಟಿಗೆ ಎದ್ದವು, ತಿರುಗಿ ನೋಡಿದರೆ ಬೂದು ಬಣ್ಣದ ಕೆಸರು ನಡೆದುಕೊಂಡು ಬರುತ್ತಿತ್ತು. ಯಾರೂ ಸಾಯಲಿಲ್ಲ. ಕೆರೆಯಲ್ಲಿ ಅರ್ಧ, ಎರಡು ಹೊಲ, ನಿಮ್ಮ ಅಕ್ಕ ಅಮ್ಮಾಜಮ್ಮನವರ ಬಾವಿ ಮುಚ್ಚಿಹೋದವು. ದಿಬ್ಬದ ಬುಡದಲ್ಲಿರುವ ಹನ್ನೊಂದು ಮನೆಯವರು ಇಪ್ಪತ್ತು ದಿನದಿಂದ ಶಾಲೆಯ ಎರಡು ಕೋಣೆಗಳಲ್ಲಿದ್ದಾರೆ. ನಿಮ್ಮ ಅಕ್ಕನೂ ಅಲ್ಲೇ ಇದ್ದಾರೆ. ಹಗಲು ಹೊತ್ತು ಎಲ್ಲರೂ ಮನೆಗೆ ಬಂದು ಅಡುಗೆ ಮಾಡಿಕೊಂಡು ಹೋಗುತ್ತಾರೆ. ಬೇಡವೆಂದರೆ ಕೇಳುವುದಿಲ್ಲ. ಹಿಂಗಾರು ಮಳೆ ಒಂದು ಸಲ ಜೋರಾಗಿ ಬಿದ್ದರೆ ಉಳಿದ ಮಗ್ಗುಲೂ ಬರುತ್ತದೆ, ಬರುವುದು ಆ ಮನೆಗಳ ಮೇಲೆ.

ಯಾಕೆ ಕುಸಿಯಿತು ಎಂಬುದಕ್ಕೆ ಈ ಇಪ್ಪತ್ತು ದಿನದಲ್ಲಿ ನಾನು ಕೇಳಿದ ಕಾರಣಗಳಿಗೆ ಲೆಕ್ಕವಿಲ್ಲ. ಒಬ್ಬರು ಮಳೆ ಎಂದರು. ಆ ವಾರ ಬಿದ್ದದ್ದು ನಲವತ್ತೊಂದು ಮಿಲಿಮೀಟರ್, ಹೋದ ವರ್ಷ ಒಂದೇ ದಿನ ಅದಕ್ಕಿಂತ ಹೆಚ್ಚು ಬಿದ್ದಿತ್ತು. ಕಲ್ಲು ಕ್ವಾರಿಯ ಸಿಡಿತ ಎಂದರು ಇನ್ನೊಬ್ಬರು. ಹೋಗಿ ನೋಡಿದೆ, ಕ್ವಾರಿ ಮುಚ್ಚಿ ಮೂರು ತಿಂಗಳಾಗಿ ಅಲ್ಲಿ ಆಡುಗಳು ಮಲಗಿದ್ದವು. ಸಿನಿಮಾದವರು ಶೂಟಿಂಗಿಗೆ ಜೆಸಿಬಿ ತಂದು ದಾರಿ ಮಾಡಿದ್ದರಿಂದ ಎಂದು ಚಾಂಪಿಯನ್ ರೀಫ್ಸಿನ ಟೀ ಅಂಗಡಿಯಲ್ಲಿ ಎಲ್ಲರೂ ಆಣೆಯಿಟ್ಟು ಹೇಳುತ್ತಾರೆ. ದಾರಿ ಮಾಡಿದ್ದು ಪಶ್ಚಿಮಕ್ಕೆ, ಕುಸಿದದ್ದು ದಕ್ಷಿಣಕ್ಕೆ. ದಿಬ್ಬದ ಹತ್ತಿರಕ್ಕೂ ಬಾರದ ತಜ್ಞರೊಬ್ಬರು ಟಿವಿಯಲ್ಲಿ ಭೂಮಿ ಕಂಪಿಸಿರಬಹುದು ಎಂದರು. ನಾನು ಒಂದೊಂದನ್ನೂ ಪರೀಕ್ಷಿಸಿ ಹೊಡೆದುಹಾಕುತ್ತ ಹೋದೆ. ಕೊನೆಗೆ ಉಳಿದದ್ದು ನನ್ನದೇ ಹಳೆಯ ನೋಟ್‌ಬುಕ್ಕಿನ ಒಂದು ಪುಟ.

ಎರಡೂವರೆ ವರ್ಷದ ಹಿಂದಿನ ಮಾತು. ದಿಬ್ಬದ ಬುಡದ ಕೊಳವೆಯಿಂದ ಬರುತ್ತಿದ್ದ ನೀರು ಕುಡಿದು ನಿಮ್ಮ ಅಕ್ಕನ ನಾಲ್ಕು ಕುರಿ ಒಂದೇ ದಿನ ಸತ್ತವು. ಅಮ್ಮಾಜಮ್ಮನವರು ಕಂಡ ಕಂಡ ಕಚೇರಿಗೆ ಅರ್ಜಿ ಕೊಟ್ಟರು. ಅದು ನಮ್ಮದಲ್ಲ ಎಂದು ಎಲ್ಲರೂ ಹೇಳಿದರು. ಆಗ ಊರವರೇ ಕೈಹಾಕಿದರು. ಹಿಂಗಾರು ತುಂಬಿದ ಕೆರೆಯ ತೂಬು ಸೋರಿದರೆ ಹೇಗೆ ಮುಚ್ಚುತ್ತಾರೋ ಹಾಗೆಯೇ ಬಚ್ಚಪ್ಪಣ್ಣ ಆ ಕೊಳವೆಯನ್ನು ಮುಚ್ಚಿದರು. ಮೊದಲು ಮುಳ್ಳಿನ ಕಟ್ಟು, ಮೇಲೆ ಕಲ್ಲು, ಅದರ ಮೇಲೆ ಹುತ್ತದ ಮಣ್ಣು ಸುಣ್ಣ ಕಲಸಿ ತುಳಿದು ಮೆತ್ತಿದರು. ಹೆಂಗಸರು ಅರಿಶಿನ ಕುಂಕುಮ ಇಟ್ಟರು. ನಾನು ಫೋಟೋ ತೆಗೆದೆ. ‘ವಿಷದ ನೀರಿಗೆ ನೀರುಗಂಟಿಯ ತಡೆ’ ಎಂಬ ತಲೆಬರಹ ಕೊಟ್ಟವನೂ ನಾನೇ. ಅದಕ್ಕಾಗಿ ಸಂಪಾದಕರು ಬೆನ್ನು ತಟ್ಟಿದರು.

ಆ ಪೇಪರು ಬಂದ ಬೆಳಿಗ್ಗೆ ಎಂಟಕ್ಕೆ ನಿಮ್ಮ ಫೋನ್ ಬಂತು. ಅಪ್ಪ ಇಲ್ಲಿ ಸ್ಟೇಷನ್ನಿನಲ್ಲಿ ಪೇಪರು ಮಾರುತ್ತಿದ್ದಾಗ, ಕಾಮಸಮುದ್ರದ ಗಾಡಿ ಇಳಿದು ಗಣಿಯ ಗಾಡಿ ಹತ್ತುವ ಮುಂಚೆ ನೀವು ಅಂಗಡಿಯ ಮುಂದೆ ನಿಂತೇ ಅರ್ಧ ಪೇಪರು ಓದಿಬಿಡುತ್ತಿದ್ದಿರಿ, ಉಳಿದರ್ಧಕ್ಕೆ ಕೊಂಡುಕೊಳ್ಳುತ್ತಿದ್ದಿರಿ. ನನಗೆ ಪೇಪರಯ್ಯ ಎಂದು ಹೆಸರಿಟ್ಟವರೂ ನೀವೇ. ಆದರೆ ಆ ದಿನ ನಿಮ್ಮ ದನಿಯಲ್ಲಿ ತಮಾಷೆ ಇರಲಿಲ್ಲ.

“ಅದು ಕೆರೆ ತೂಬಲ್ಲ ಕಣ್ಲಾ ಪೇಪರಯ್ಯ. ಕೆರೆ ನೀರು ಇಡ್ಕಳಕ್ಕೆ ಕಟ್ಟಿರೋದು, ದಿಬ್ಬ ನೀರು ಬಿಡಕ್ಕೆ ಕಟ್ಟಿರೋದು. ಬಾಯಿ ಮುಚ್ಚಿದ್ರೆ ಒಟ್ಟೆ ಉಬ್ಬಿ ಒಂದಿನ ಕಕ್ತದೆ. ನನ್ನೆಸ್ರಾಕಿ ಬರಿ.”

ಇದನ್ನು ಬರೆದುಕೊಂಡಿದ್ದೇನೆ. ದಿಬ್ಬದ ಗ್ಯಾಂಗಿನ ಮೇಸ್ತ್ರಿಯಾಗಿ ಇಪ್ಪತ್ತಾರು ವರ್ಷ ನೀವು ಮಾಡಿದ್ದನ್ನೂ ಹೇಳಿದಿರಿ. ಮಳೆಗಾಲಕ್ಕೆ ಮುಂಚೆ ಆ ಕೊಳವೆಯ ಹೂಳು ತೆಗೆಯುವುದು, ಬಂದ ನೀರನ್ನು ಹೊಂಡದಲ್ಲಿ ಹಿಡಿದು ಪಂಪಿನಲ್ಲಿ ಅದಿರು ಅರೆಯುವ ಮಿಲ್ಲಿಗೇ ವಾಪಸು ಕಳಿಸುವುದು, ಒಂದು ಹನಿ ಊರಿನ ಕಡೆ ಹೋಗದಂತೆ ನೋಡುವುದು. 2001ರಲ್ಲಿ ಗಣಿ ನಿಂತಿತು, ಪಂಪು ನಿಂತಿತು, ಹೊಂಡ ತುಂಬಿಹೋಯಿತು, ಕೊಳವೆ ಮಾತ್ರ ತನ್ನ ಕೆಲಸ ಮಾಡುತ್ತಲೇ ಇತ್ತು. ಮುಚ್ಚಬೇಕಾದದ್ದು ಕೊಳವೆಯನ್ನಲ್ಲ, ತೋಡಬೇಕಾದದ್ದು ಹೊಂಡವನ್ನು ಎಂದಿರಿ. ದಿಬ್ಬದ ಮೂಡಣಕ್ಕೆ ಅದೇ ಕೊಳವೆಗೆ ಇಳಿಯುವ ಒಂದು ತೊಟ್ಟಿ ಇದೆ, ಚಪ್ಪಡಿ ಮುಚ್ಚಿದೆ, ಅದು ಗ್ಯಾಂಗಿನವರಿಗೆ ಮಾತ್ರ ಗೊತ್ತು ಎಂದಿರಿ. ಯಾವ ಕಲ್ಲಿನಿಂದ ಎಷ್ಟು ಹೆಜ್ಜೆ ಎಂದೂ ಹೇಳಿದಿರಿ. ನನ್ನ ನೋಟ್‌ಬುಕ್ಕಿನಲ್ಲಿ ಇರುವುದು ‘ಮೂಡಣಕ್ಕೆ ತೊಟ್ಟಿ’ ಎಂಬ ಎರಡೇ ಪದ. ಹೆಜ್ಜೆಯ ಲೆಕ್ಕ ಬರೆದುಕೊಳ್ಳಲಿಲ್ಲ. ಆ ಹೊತ್ತಿಗೆ ನಾನು ಕೇಳುವುದನ್ನು ನಿಲ್ಲಿಸಿದ್ದೆ.

ಯಾಕೆ ಹಾಕಲಿಲ್ಲ ಎಂದು ನೀವು ಎಂದೂ ಕೇಳಲಿಲ್ಲ. ಆದರೂ ಹೇಳುತ್ತೇನೆ. ಒಬ್ಬರ ಬಾಯಿಮಾತು, ಇನ್ನೊಂದು ಆಧಾರ ಬೇಕು ಎಂದುಕೊಂಡೆ. ಹಾಗೆ ಕೇಳುವುದು ನಮ್ಮ ಕಸುಬಿನ ನಿಯಮ. ಎರಡು ಕಡೆ ವಿಚಾರಿಸಿದೆ, ಅಂಥ ಕೊಳವೆಯ ನಕ್ಷೆ ಇಲ್ಲ ಎಂದರು. ಅಲ್ಲಿಗೆ ಬಿಟ್ಟೆ. ನಕ್ಷೆ ಇಲ್ಲ ಎನ್ನುವುದೂ ಒಂದು ಸುದ್ದಿ ಎಂದು ನನಗೆ ಹೊಳೆಯಲಿಲ್ಲ. ಅದಕ್ಕಿಂತ ನಿಜವಾದ ಮಾತು, ಹಿಂದಿನ ದಿನ ನಾನೇ ಹೊಗಳಿದ್ದನ್ನು ಮರುದಿನ ನಾನೇ ತಪ್ಪೆಂದು ಬರೆಯಲು ಮನಸ್ಸು ಬರಲಿಲ್ಲ.

ಈಗ ಅಧಿಕಾರಿಗಳ ಶುದ್ಧೀಕರಣದ ಯೋಜನೆ ಕೇಳಿ. ಕೆರೆಯಲ್ಲಿ ಬಿದ್ದ ಕೆಸರನ್ನು ಬಾಚಿ ಟಿಪ್ಪರಿನಲ್ಲಿ ತಂದು ಅದೇ ದಿಬ್ಬದ ನೆತ್ತಿಗೆ ಸುರಿಯುತ್ತಾರೆ. ಮೇಲೆ ಒಂದಡಿ ಕೆಮ್ಮಣ್ಣು ಹರಡಿ ಹುಲ್ಲು ಬೆಳೆಸುತ್ತಾರೆ. ನೋಡಲು ಹಸಿರಾಗಿ ಕಾಣುತ್ತದಂತೆ. ಒಳಗೆ ನಿಂತ ನೀರಿನ ಬಗ್ಗೆ ಒಂದು ಸಾಲೂ ಇಲ್ಲ. ಹೊಟ್ಟೆ ಉಬ್ಬಿದವನ ತಲೆಯ ಮೇಲೆ ಮೂಟೆ ಹೊರಿಸಿದ ಹಾಗೆ. ಅದನ್ನು ವಿವರಿಸಲು ಕರೆದ ಸಭೆಯಲ್ಲಿ ಎದ್ದು ಕೇಳಿದರೆ, ವರದಿಗಾರರು ವರದಿ ಮಾಡಲಿ ಎಂದರು. ನನಗೆ ಬಂದ ಸಿಟ್ಟಿಗೆ ಪೆನ್ನು ಮುರಿಯುವುದೊಂದು ಬಾಕಿ.

ಅಲ್ಲಿ ಒಬ್ಬರು ಮಾತ್ರ ಹೊರಗೆ ಬಂದು ನನ್ನ ನೋಟ್‌ಬುಕ್ ತೋರಿಸಲು ಹೇಳಿದರು, ಹೊಸದಾಗಿ ಬಂದಿರುವ ಎಂಜಿನಿಯರ್ ಅರುಣಕುಮಾರಿ. ನಿಮ್ಮ ಮಾತನ್ನು ಎರಡು ಸಲ ಓದಿದರು. ಕೆಳಗಿನ ಬಾಯಿ ಇಪ್ಪತ್ತಡಿ ಕೆಸರಿನಡಿ ಇದೆ, ಅಲ್ಲಿಗೆ ಮಿಷನ್ ಇಳಿಸಿದರೆ ಇಡೀ ಮಗ್ಗುಲು ಬರುತ್ತದೆ. ತೊಟ್ಟಿ ಸಿಕ್ಕಿದರೆ ಮಾತ್ರ ದಾರಿ, ಮೊದಲು ಹೊಂಡ ತೋಡಿ, ಆಮೇಲೆ ಅಲ್ಲಿಂದ ನಿಧಾನವಾಗಿ ನೀರು ಬಿಡಬಹುದು ಎಂದರು. ಎಂಟು ಎಕರೆ ಲಂಟಾನದ ಪೊದೆಯಲ್ಲಿ ಚಪ್ಪಡಿ ಹುಡುಕುವಷ್ಟು ಸಮಯವಿಲ್ಲ. ಅಲ್ಲಿ ಕೆಲಸ ಮಾಡಿದವರು ಒಬ್ಬರು ಬಂದು ಜಾಗ ತೋರಿಸಿ ಸಹಿ ಹಾಕಿದರೆ ಟಿಪ್ಪರು ನಿಲ್ಲಿಸುವ ಅಧಿಕಾರ ಅರುಣಕುಮಾರಿಯವರಿಗಿದೆ. ನಿಮ್ಮ ಗ್ಯಾಂಗಿನಲ್ಲಿ ಈಗ ಉಳಿದಿರುವವರು ಯಾರು ಎಂದು ಹುಡುಕಿದೆ. ನೀವೊಬ್ಬರೇ.

ನಿಮ್ಮ ಮಾತೂ ಇನ್ನೂ ಊಹೆಯೇ, ಮಾವ. ಚಪ್ಪಡಿ ಎತ್ತಿದಾಗ ತೊಟ್ಟಿ ಬತ್ತಿದ್ದರೆ ನಾವಿಬ್ಬರೂ ತಪ್ಪು. ಬಾಯಿಮಟ್ಟ ನೀರಿದ್ದರೆ ನೀವು ಸರಿ. ಇಷ್ಟು ಊಹೆಗಳ ನಡುವೆ ತೆರೆದು ನೋಡಿ ತೀರ್ಮಾನಿಸಬಹುದಾದದ್ದು ಇದೊಂದೇ.

ನೀವು ನನ್ನ ಮೇಲಿನ ಸಿಟ್ಟಿನಿಂದ ಹೊರಗೆ ಬರಲಿಲ್ಲ ಎಂದು ಬಸ್ಸಿನಲ್ಲಿ ಅಂದುಕೊಂಡಿದ್ದೆ. ನಿನ್ನೆ ಕುಂಟಪಲ್ಲಿ ಶಾಲೆಯಲ್ಲಿ ನಿಮ್ಮ ಅಕ್ಕನನ್ನು ನೋಡಿದ ಮೇಲೆ ಬೇರೆ ಕಾರಣ ಗೊತ್ತಾಯಿತು. ನೀವು ತೊಟ್ಟಿ ತೋರಿಸಿದರೆ, ಕೊಳವೆ ಮುಚ್ಚಿಸಿದ್ದು ಯಾರು ಎಂಬ ಪ್ರಶ್ನೆ ಬರುತ್ತದೆ. ಬಚ್ಚಪ್ಪಣ್ಣನೂ ಅಲ್ಲೇ ಕೂತಿದ್ದರು. “ಐವತ್ತು ವರ್ಸ ತೂಬು ನೋಡ್ದೋನು ನಾನು. ಒಂದು ತೊಟ್ಟು ಸೋರ್ಲಿಲ್ಲ ಕಣಪ್ಪ. ಅದೇ ತಪ್ಪಾಯ್ತಾ?” ಎಂದು ನನ್ನನ್ನು ಕೇಳಿದರು. ಅಮ್ಮಾಜಮ್ಮನವರು ಸೊಪ್ಪು ಬಿಡಿಸುತ್ತಿದ್ದವರು ತಲೆಯೆತ್ತದೆ ಹೇಳಿದ್ದನ್ನು ಈ ಸಲ ಪೂರ್ತಿ ಬರೆದುಕೊಂಡಿದ್ದೇನೆ:

“ನನ್ ತಮ್ಮ ನನ್ನ ಉಳ್ಸಕ್ಕೆ ಮನೇಲಿ ಅವಿತ್ಕೊಂಡವ್ನೆ. ನಾನೇನು ಕೇಳಿದ್ನಾ ಅವನ್ನ? ಮುಚ್ಸಿದ್ದು ನಾನು. ಯಾರ್ ಬಂದು ಕೇಳಿದ್ರೂ ಅಂಗೇ ಏಳ್ತೀನಿ. ಅವ್ನು ಬಂದು ಚಪ್ಪಡಿ ಎಲ್ಲೈತೆ ತೋರ್ಸ್ಲಿ. ಆಮ್ಯಾಕೆ ಬೇಕಾದ್ರೆ ಒಂದು ವರ್ಸ ನನ್ನ ಮಾತಾಡ್ಸೋದು ಬ್ಯಾಡ.”

ಅವರಿಬ್ಬರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಈ ಕಾಗದವನ್ನು ನಾಳೆ ಬೆಳಗಿನ ಪೇಪರಿನ ಕಟ್ಟಿನೊಳಗಿಟ್ಟು ಕಾಮಸಮುದ್ರದ ಬಸ್ಸಿಗೆ ಹಾಕುತ್ತೇನೆ. ಅದೇ ಪೇಪರಿನ ಮೂರನೇ ಪುಟ ನೋಡಿ. ಕೊಳವೆ ಮುಚ್ಚಿದ್ದು ಊರವರು, ಹೊಗಳಿದ್ದು ಈ ವರದಿಗಾರ, ತಪ್ಪೆಂದು ಎಚ್ಚರಿಸಿದ ಮಾಜಿ ಮೇಸ್ತ್ರಿಯ ಮಾತನ್ನು ಅಚ್ಚು ಮಾಡದೆ ಇಟ್ಟುಕೊಂಡವನೂ ಇದೇ ವರದಿಗಾರ ಎಂದು ನನ್ನ ಹೆಸರಿನ ಸಮೇತ ಇದೆ. ಡೆಸ್ಕಿನವರು ಕತ್ತರಿಸಿ ಏಳು ಸಾಲಿಗೆ ಇಳಿಸಿದ್ದಾರೆ, ಆದರೆ ಆ ಸಾಲು ಉಳಿದಿದೆ. ನಿಮ್ಮ ಹೆಸರು ಹಾಕಿಲ್ಲ. ಹಾಕು ಎಂದು ಆವತ್ತು ಹೇಳಿದ್ದಿರಿ, ಈಗಲೂ ಹೇಳುತ್ತೀರೋ ಇಲ್ಲವೋ ನನಗೆ ತಿಳಿಯದು. ಇನ್ನು ಮುಚ್ಚಿಡಲು ನಿಮ್ಮ ಬಳಿ ಏನೂ ಉಳಿದಿಲ್ಲ ಮಾವ, ಆ ಹೆಜ್ಜೆಗಳ ಲೆಕ್ಕವೊಂದನ್ನು ಬಿಟ್ಟು.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಮೊಣಕಾಲಿಗೆ ಶಕ್ತಿ ಬರಲಿ, ನಿಮ್ಮ ಅಕ್ಕನ ಬಾವಿಯಲ್ಲಿ ಮತ್ತೆ ಸಿಹಿನೀರು ಬರಲಿ.

ನಿಮ್ಮ ಮಾತನ್ನು ತಡವಾಗಿ ಬರೆದ,
ಮುನಿರಾಜು

ಜಂಟಿ ಸ್ಥಳ ಪರಿಶೀಲನೆ ಗುರುವಾರ, ಅಕ್ಟೋಬರ್ 16, ಬೆಳಿಗ್ಗೆ ಹತ್ತೂವರೆಗೆ, ದಿಬ್ಬದ ಮೂಡಣ ಮಗ್ಗುಲಲ್ಲಿ. ಟಿಪ್ಪರುಗಳ ಕೆಲಸ ಶುಕ್ರವಾರ ಬೆಳಿಗ್ಗೆ ಏಳಕ್ಕೆ ಶುರು.