ಎಂಟು ಬಗೆಯ ಹಳೇ ಗುಲಾಬಿ

ಸಿಲಾಯ್
ಮೇ 18, 1998, ಸೋಮವಾರ

ನನ್ನ ಪ್ರೀತಿಯ ಅಕ್ಕ, ಮನಾಂಗ್ ತಿಲ್ದೆ,

ನಿನ್ನ ಕಣ್ಣು ಹೇಗಿದೆ? ಮೊದಲು ಅದನ್ನು ಹೇಳು, ಉಳಿದದ್ದೆಲ್ಲ ಆಮೇಲೆ. ನಿನ್ನೆ ಮಧ್ಯಾಹ್ನ ಉಂಡು ಬೆಂಚಿನ ಮೇಲೆ ಸ್ವಲ್ಪ ಒರಗಿದ್ದೆ, ಕೆಟ್ಟ ಕನಸು ಬಿತ್ತು. ಇಲೋಯಿಲೋದ ಡಾಕ್ಟರು ನಿನ್ನ ಕಣ್ಣಿನ ಪಟ್ಟಿ ಬಿಚ್ಚುತ್ತಿದ್ದಾರೆ. ಎಷ್ಟು ಬಿಚ್ಚಿದರೂ ಪಟ್ಟಿ ಬರುತ್ತಲೇ ಇದೆ. ಕೊನೆಗೆ ನೋಡಿದರೆ ಕಣ್ಣಿನ ಜಾಗದಲ್ಲಿ ಒಂದು ಸಕ್ಕರೆ ಗುಲಾಬಿ! ನೀನೋ ಆರಾಮಾಗಿ ಕೂತು, "ಲುದಿ, ಇದಕ್ಕೆ ಕಂದು ಜಾಸ್ತಿ ಆಯ್ತಲ್ಲೇ" ಅನ್ನುತ್ತಿದ್ದೀ. ನೆಲದಿಂದ ಇರುವೆಗಳು ಸಾಲುಗಟ್ಟಿ ಹತ್ತುತ್ತಿವೆ. ನಾನು ಪೊರಕೆ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಎಚ್ಚರವಾಯಿತು. ಎದ್ದವಳೇ ಕಣ್ಣು ಕಾಯುವ ಸಂತ ಲೂಸಿಯಾಳ ಮುಂದೆ ಮೇಣದ ಬತ್ತಿ ಹಚ್ಚಿದೆ. ಆಮೇಲೆ ಕಣ್ಣು ಎರಡಿದೆಯಲ್ಲ ಅಂತ ಇನ್ನೊಂದು ಹಚ್ಚಿದೆ.

ಈ ಕಾಗದವನ್ನು ನೀನು ಓದಬೇಡ, ರೋಸಿಂಗ್ ಓದಲಿ. ರೋಸಿಂಗ್, ನಿನ್ನ ಮನೆಯಲ್ಲಿ ಅಕ್ಕನನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದೀಯಲ್ಲ, ದೇವರು ನಿನಗೆ ಒಳ್ಳೆಯದು ಮಾಡಲಿ. ನಿಧಾನವಾಗಿ ಓದು. ನಗು ಬರುವ ಕಡೆ ಅವಳನ್ನು ಜೋರಾಗಿ ನಗಿಸಬೇಡ. ಪೊರೆ ತೆಗೆಸಿದ ಕಣ್ಣಿಗೆ ನಗುವಿನಿಂದ ಏನಾದರೂ ಆಗುತ್ತದೋ ಏನೋ, ಡಾಕ್ಟರನ್ನು ಕೇಳಿ ಆಮೇಲೆ ನಗಿಸು. ನಾನು ನಾಲ್ಕನೇ ಕ್ಲಾಸಿಗೇ ಪಾಟಿ ಬಿಟ್ಟು ಒಲೆ ಮುಂದೆ ಕೂತವಳು. ಅಕ್ಷರ ಗೆರೆ ಬಿಟ್ಟು ಕೆಳಗೆ ಬಿದ್ದಿದ್ದರೆ ನೀನೇ ಎತ್ತಿ ಓದಿಕೋ.

ಮನಾಂಗ್, ಈಗ ಹೇಳುವುದಕ್ಕೆ ಕೋಪ ಮಾಡಿಕೊಳ್ಳಬೇಡ. ಕೋಪಕ್ಕೂ ಕಣ್ಣಿಗೂ ಆಗದು. ಹಡಗು ಹತ್ತುವ ದಿನ ನೀನು ಹೇಳಿದ್ದೆ, "ಮರಿವಿಕ್ ಮದುವೆ ಕೇಕು ಬಾಕೊಲೊಡ್‌ನವರಿಗೆ ವಹಿಸಿಬಿಡು. ನಿನಗೆ ಬಣ್ಣ ಕಲಸೋಕೆ ಬರಲ್ಲ. ಮೇ ಮುಗಿಯಲಿ, ಅಂಗಡಿ ಮುಚ್ಚೋಣ. ಕಣ್ಣು ಕಾಣದ ಅಕ್ಕ, ಧೈರ್ಯ ಇಲ್ಲದ ತಂಗಿ, ಇನ್ನೆಷ್ಟು ದಿನ ಎಳೆಯೋದು?" ನಾನು ಹೂಂ ಅಂದೆ. ಕೇಕಿನ ಮಾತಿಗೂ ಹೂಂ, ಅಂಗಡಿಯ ಮಾತಿಗೂ ಹೂಂ. ನೀನು ಹೋದ ಮೇಲೆ ಒಲೆ ಆರಿಸಿ ಕೂತರೆ, ಈ ಮನೆಯಲ್ಲಿ ಇನ್ನು ಮುಂದೆ ಬೆಳಿಗ್ಗೆ ಎದ್ದು ನಾನು ಏನು ಮಾಡಲಿ ಅನ್ನುವುದೇ ತಿಳಿಯಲಿಲ್ಲ. ಇಷ್ಟು ವರ್ಷ ಹಿಟ್ಟು ನನ್ನದು, ಬಣ್ಣ ನಿನ್ನದು. ಬಣ್ಣವಿಲ್ಲದ ಹಿಟ್ಟನ್ನು ಯಾರು ಕೇಳುತ್ತಾರೆ?

ಬಾಕೊಲೊಡ್‌ಗೆ ಹೊರಡಬೇಕು ಅಂತ ಚಪ್ಪಲಿ ಮೆಟ್ಟುವಾಗ ಮರಿವಿಕ್ಕೇ ಬಂದಳು. "ತಿಯಾ ಲುದಿ, ನನ್ನ ನಾಮಕರಣದ ಕೇಕೂ ಈ ಮನೆದೇ. ಬೇರೆಯವರ ಕೇಕಿಗೆ ನಾನು ಚಾಕು ಹಾಕಲ್ಲ" ಅಂದಳು. ಅಕ್ಕ ಊರಲ್ಲಿಲ್ಲ ಮಗಾ ಅಂದೆ. "ನೀವಿದ್ದೀರಲ್ಲ" ಅಂದಳು. ಅಷ್ಟೇ. ಕೈಯಲ್ಲಿ ಒಂದು ಬಟ್ಟೆ ಚೂರು ಇಟ್ಟು ಹೋದಳು. ನಾನು ಚಪ್ಪಲಿ ಬಿಚ್ಚಿ ಒಳಗೆ ಬಂದೆ.

ಹೌದು ಮನಾಂಗ್, ಕೇಕನ್ನು ನಾನೇ ಮಾಡಿದೆ. ಉಸಿರು ಎಳೆದುಕೋ, ಮುಂದೆ ಕೇಳು.

ಬಟ್ಟೆ ಹಳೇ ಗುಲಾಬಿ ಬಣ್ಣದ್ದು. ಪ್ರಾರ್ಥನೆ ಪುಸ್ತಕದೊಳಗೆ ಇಟ್ಟು ಮರೆತ ಗುಲಾಬಿ ಹೇಗಿರುತ್ತೆ, ಹಾಗೆ. ಮದುವೆಯಲ್ಲಿ ಧರ್ಮತಾಯಂದಿರಾಗಿ ನಿಲ್ಲುವ ನಿನಾಂಗ್‌ಗಳು ಎಂಟು ಜನ. ಎಂಟೂ ಗೌನು ಇದೇ ಬಣ್ಣ, ಕೇಕಿನ ಹೂವೂ ಇದೇ ಬಣ್ಣ ಆಗಬೇಕು ಅಂತ ಮರಿವಿಕ್ಕಳ ತಾಯಿ ಪುರಾ ಹುಕುಂ ಮಾಡಿದ್ದಳು. ಪುರಾ ನಿನಗೆ ಗೊತ್ತಲ್ಲ, ಕರವಸ್ತ್ರ ಕೂಡ ಮೇಜುಬಟ್ಟೆಗೆ ಹೊಂದಬೇಕು ಅನ್ನುವವಳು.

ಕೇಕು ನನಗೆ ಕಷ್ಟವಲ್ಲ. ಮೂರು ಅಂತಸ್ತು, ಮೂರೂ ನಿಜವಾದ ಕೇಕು, ಥರ್ಮೋಕೋಲ್ ಒಂದೂ ಇಲ್ಲ. ಫಾಂಡೆಂಟಿನ ಬಿಳಿ ಸಕ್ಕರೆ ಕಣಕವನ್ನು ನಾದಿ, ಲಟ್ಟಿಸಿ, ಹೊದಿಸಿದೆ. ಒಂದು ಮಡಿಕೆ ಬೀಳಲಿಲ್ಲ. ಆಮೇಲೆ ಹೂವು ಮಾಡುವ ಕಣಕದ ಉಂಡೆ ಮುಂದೆ ಇಟ್ಟುಕೊಂಡು ನಿನ್ನ ಬಣ್ಣದ ಡಬ್ಬ ತೆರೆದೆ. ಶಿಲುಬೆ ಗುರುತು ಹಾಕಿಕೊಂಡು ಹಲ್ಲುಕಡ್ಡಿ ತುದಿಯಲ್ಲಿ ಗುಲಾಬಿ ಬಣ್ಣ ತೆಗೆದು ಹಚ್ಚಿ ನಾದಿದೆ. ಕಂದು ಒಂದು ಚುಕ್ಕೆ. ಬಟ್ಟೆ ಪಕ್ಕ ಹಿಡಿದೆ, ತಿಳಿಯಾಯಿತು. ಇನ್ನೊಂದು ಕಡ್ಡಿ. ಇನ್ನೂ ತಿಳಿ. "ಬೇಕಾದ ಬಣ್ಣ ಬರೋಕೆ ಮುಂಚೇನೇ ಕೈ ತೆಗಿ, ಮಿಕ್ಕಿದ್ದನ್ನ ಅದೇ ಮಾಡ್ಕೊಳ್ಳುತ್ತೆ" ಅಂತ ನೀನು ಯಾವಾಗಲೂ ಹೇಳುತ್ತಿದ್ದೆ, ನೆನಪಿತ್ತು. ಆದರೆ ಸರಿಯಿಲ್ಲದ್ದನ್ನು ಕಣ್ಣೆದುರು ಬಿಟ್ಟು ಕೈ ತೊಳೆಯುವುದು ನನ್ನ ಜೀವದಲ್ಲಿ ಉಂಟೇ? ಬಾಗಿಲಿಗೆ ಚಿಲಕ ಹಾಕಿ ಮೂರು ಸಲ ನೋಡುವವಳು ನಾನು. ಬಟ್ಟೆಗೂ ಉಂಡೆಗೂ ಕೂದಲೆಳೆ ವ್ಯತ್ಯಾಸ ಇಲ್ಲ ಅನ್ನುವವರೆಗೂ ಹಾಕಿದೆ. ಎಸಳು ತೀಡಿ ಹೂವು ಮಾಡಿ ತಟ್ಟೆಯಲ್ಲಿ ಜೋಡಿಸಿದೆ. ಸಂತೋಷದಿಂದ ಒಬ್ಬಳೇ ಒಂದು ಲೋಟ ಕಾಫಿ ಕುಡಿದೆ.

ಬೆಳಿಗ್ಗೆ ಎದ್ದು ಮುಚ್ಚಿದ ಬಟ್ಟೆ ತೆಗೆದರೆ, ಮನಾಂಗ್, ತಟ್ಟೆ ತುಂಬ ದಿನುಗುವಾನ್! ಹಂದಿ ರಕ್ತದ ಸಾರು ಆರಿ ಹೆಪ್ಪುಗಟ್ಟಿದರೆ ಯಾವ ಬಣ್ಣ, ಅದೇ ಬಣ್ಣದ ಗುಲಾಬಿಗಳು ನನ್ನನ್ನೇ ನೋಡುತ್ತಿದ್ದವು. ಕೂತು ಅತ್ತೆ. ಅತ್ತು ಎದ್ದು ಇನ್ನೊಂದು ಉಂಡೆ ಕಲಸಿದೆ. ಈ ಸಲ ಭಯಕ್ಕೆ ಬಣ್ಣದ ಡಬ್ಬವನ್ನು ಮುಟ್ಟಿಯೂ ಮುಟ್ಟದ ಹಾಗೆ. ಅದು ಸಂಜೆಗೆ ಆಗ ತಾನೇ ಹುಟ್ಟಿದ ಹಂದಿಮರಿಯ ಮೈ ಬಣ್ಣಕ್ಕೆ ನಿಂತುಬಿಟ್ಟಿತು. ಮೂರನೆಯದು ಇಟ್ಟಿಗೆ. ನಾಲ್ಕನೆಯದಕ್ಕೆ ಹೆಸರೇ ಇಲ್ಲ. ಮೇಜಿನ ಮೇಲೆ ನಾಲ್ಕು ತಟ್ಟೆ ತುಂಬ ಗುಲಾಬಿ, ಬಟ್ಟೆ ಚೂರಿಗೆ ಹೊಂದುವುದು ಒಂದೂ ಇಲ್ಲ. ಮದುವೆ ನಾಳೆ. ಅಕ್ಕ ಹೇಳಿದ್ದೇ ಸರಿ, ಮುಚ್ಚುವುದೇ ಮೇಲು ಅಂತ ಆಗ ನನಗೂ ಅನ್ನಿಸಿತು.

ಅಷ್ಟರಲ್ಲಿ ಪುರಾ ಬಾಗಿಲಿಗೆ ಬಂದಳು. ಹಿಂದೆಯೇ ಇಬ್ಬರು ನಿನಾಂಗ್‌ಗಳು, ದರ್ಜಿ ತೋಯಾಂಗ್‌ಳ ಮನೆಯಿಂದ ಅಳತೆ ನೋಡಿದ ಗೌನಿನಲ್ಲೇ ನಡೆದು ಬಂದಿದ್ದರು. ನಾನು ತಟ್ಟೆಗಳಿಗೆ ಮರೆಯಾಗುವ ಹಾಗೆ ಕೈ ಚಾಚಿ ನಿಂತೆ. ಪುರಾ ತಟ್ಟೆ ಕಡೆ ನೋಡಲೇ ಇಲ್ಲ. ಕುರ್ಚಿಯಲ್ಲಿ ಕುಸಿದು, "ಇಂದಾಯ್ ಲುದಿ, ನನ್ನ ಮಾನ ಹೋಯ್ತು" ಅಂತ ಅಳತೊಡಗಿದಳು. ಬಟ್ಟೆ ಅಂಗಡಿಯಲ್ಲಿ ಥಾನು ಮುಗಿದುಹೋಗಿತ್ತಂತೆ. ಹಳೇ ಗುಲಾಬಿ ಅಂದರೆ ಎಲ್ಲ ಕಡೆ ಒಂದೇ ತಾನೇ, ಎಲ್ಲಿ ಬೇಕಾದರೂ ಕೊಂಡುಕೊಳ್ಳಿ ಅಂತ ಇವಳೇ ಹೇಳಿಬಿಟ್ಟಿದ್ದಳು. ಒಬ್ಬಳು ಬಾಕೊಲೊಡ್‌ನಲ್ಲಿ ಕೊಂಡಳು, ಒಬ್ಬಳು ಇಲೋಯಿಲೋದಲ್ಲಿ, ಒಬ್ಬಳಿಗೆ ತಂಗಿ ಹಾಂಗ್‌ಕಾಂಗ್‌ನಿಂದ ಕಳಿಸಿದಳು. ಈಗ ಎಂಟು ಗೌನು, ಎಂಟು ಬಣ್ಣ.

"ಒಬ್ಬರ ಪಕ್ಕ ಒಬ್ಬರು ನಿಂತ್ರೆ ನೆರೆ ಮನೆ ಒಗೆದ ಬಟ್ಟೆ ಒಣಗಾಕಿದ ಹಾಗಿದೆ" ಅಂತ ಪುರಾ ಬಿಕ್ಕಿದಳು.

"ನಿನಗಾದ್ರೂ ಅಳೋಕೆ ಪುರಸೊತ್ತಿದೆ. ನನ್ನ ನೋಡು" ಅಂದಳು ನಿನಾಂಗ್ ಬೇಬಿ. ಬೇಬಿ ಅಂದರೆ ಮಗುವಲ್ಲ ರೋಸಿಂಗ್, ನಗಬೇಡ. ಎಪ್ಪತ್ತು ಹತ್ತಿರ ಬಂದ ಹೆಂಗಸು, ತೂಕವೂ ವಯಸ್ಸಿನ ಜೊತೆಯೇ ಏರಿದೆ. "ಎಲ್ಲರಿಗಿಂತ ಕಪ್ಪು ನಂದೇ. ಹಂಚಿ ಮಿಕ್ಕಿದ ದಿನುಗುವಾನ್ ಪಾತ್ರೆ ಥರ ಕಾಣ್ತೀನಿ. ನಾನು ಮದುವೆಗೆ ಬರಲ್ಲಪ್ಪಾ. ನಿನ್ನ ಮಗಳಿಗೆ ಆಶೀರ್ವಾದ ಮನೆಯಿಂದಲೇ ಕಳಿಸ್ತೀನಿ."

"ನೀನು ಬರದೇ ಇದ್ರೆ ಮರಿವಿಕ್ ನನ್ನ ಮುಖ ನೋಡಲ್ಲ ಬೇಬಿ!"

"ನನ್ನ ಮುಖ ಯಾರು ನೋಡ್ತಾರೆ, ಎಲ್ಲ ನನ್ನ ಗೌನು ನೋಡ್ತಾರೆ!"

ಹೀಗೆ ಕೈ ಆಡಿಸುತ್ತ ಬೇಬಿ ನನ್ನ ಮೇಜಿನ ಪಕ್ಕಕ್ಕೆ ಸರಿದಳು. ಅವಳ ತೋಳು ಮೊದಲ ತಟ್ಟೆಯ ಮೇಲೆ ಬಂತು. ಮನಾಂಗ್, ತೋಳು ಎಲ್ಲಿ ಮುಗಿಯಿತು, ಹೂವು ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗಲಿಲ್ಲ. ಅದೇ ಬಣ್ಣ! ಪಕ್ಕದವಳನ್ನು ನೋಡಿದೆ, ಅವಳು ನನ್ನ ಹಂದಿಮರಿ ಬಣ್ಣದ ಗೌನಿನಲ್ಲಿ ನಿಂತಿದ್ದಳು.

ನನ್ನ ಬಾಯಿಂದ ಮಾತು ಹೇಗೆ ಬಂತೋ ಗೊತ್ತಿಲ್ಲ. "ಪುರಾ, ಎಂಟೂ ಗೌನಿನ ಚೂರು ತೋಯಾಂಗ್ ಹತ್ರ ಇರುತ್ತಲ್ಲ?" ಅಂತ ಕೇಳಿದೆ. ಉತ್ತರಕ್ಕೂ ಕಾಯದೆ ಹೋಗಿ ಇಸಿದುಕೊಂಡು ಬಂದೆ. ನಾಲ್ಕು ಚೂರಿಗೆ ನನ್ನ ನಾಲ್ಕು ತಟ್ಟೆ ಆಗಲೇ ಹೊಂದಿತ್ತು. ಇನ್ನು ನಾಲ್ಕು ಕಲಸಬೇಕಿತ್ತು. ಕಲಸಿದೆ. ಬೇಕಾದ ಬಣ್ಣಕ್ಕೆ ಇನ್ನೂ ಸ್ವಲ್ಪ ಇದೆ ಅನ್ನುವಾಗಲೇ ಕೈ ತೆಗೆದೆ. ತೆಗೆದು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತೆ, ಮತ್ತೆ ಡಬ್ಬಕ್ಕೆ ಹೋಗದ ಹಾಗೆ. ಬೆಳಗಾದ ಮೇಲೆ ಮುಚ್ಚಿದ್ದನ್ನು ತೆಗೆದರೆ ನಾಲ್ಕೂ ತಮ್ಮ ತಮ್ಮ ಬಟ್ಟೆಯ ಪಕ್ಕ ಸುಮ್ಮನೆ ಒಂದಾಗಿದ್ದವು. ನೀನು ಹೇಳುತ್ತಿದ್ದದ್ದು ಸುಳ್ಳಲ್ಲ.

ಕೇಕಿನ ತುದಿಯಲ್ಲಿ ಬೇಬಿಯ ಕಡುಗಪ್ಪು ಹೂವು, ಅಲ್ಲಿಂದ ಸುತ್ತಿಕೊಂಡು ಇಳಿಯುತ್ತ ಇಳಿಯುತ್ತ ತಿಳಿಯಾಗಿ, ಕೊನೆಗೆ ತಳದಲ್ಲಿ ಹಂದಿಮರಿ. ಬಿಳಿ ಕೇಕಿನ ಮೇಲೆ ಒಂದೇ ಹೂವು ಬಾಡುತ್ತ ಬಂದ ಹಾಗೆ, ಇಲ್ಲ, ಅರಳುತ್ತ ಹೋದ ಹಾಗೆ ಕಾಣುತ್ತಿತ್ತು. ಕೇಕನ್ನು ಔತಣದ ಜಾಗಕ್ಕೆ ನೋಂಗ್ ಕಾದ್ಯೋನ ಜೀಪ್ನಿಯಲ್ಲಿ ಒಯ್ದೆವು. ನಿಧಾನ ನಿಧಾನ ಅಂತ ನಾನು ಕೂಗುತ್ತಲೇ ಇದ್ದೆ. "ಇಂದಾಯ್, ಹೆಣದ ಮೆರವಣಿಗೆ ಕೂಡ ನಮ್ಮನ್ನ ಹಿಂದೆ ಹಾಕ್ತು ನೋಡು" ಅಂದ ಅವನು. ಸೆಕೆಗೆ ಫಾಂಡೆಂಟ್ ಬೆವರುತ್ತದೆ ಅಂತ ಭಯ, ಫ್ಯಾನ್ ಹಾಕಿದರೆ ಎಸಳು ಸೀಳುತ್ತದೆ ಅಂತ ಭಯ. ಕರೆಂಟು ಹೋಗಲಿಲ್ಲ, ಈಗ ಹೋಗುತ್ತೆ, ಈಗ ಹೋಗುತ್ತೆ ಅಂತ ಮಧ್ಯಾಹ್ನವೆಲ್ಲ ಬಲ್ಬು ನೋಡುತ್ತ ಕೂತಿದ್ದೆ. ಚರ್ಚಿನಲ್ಲಿ ಮದುವೆ ಹೇಗೆ ನಡೆಯಿತು ಅಂತ ನನ್ನನ್ನು ಕೇಳಬೇಡ.

ಆಮೇಲೆ ನಿನಾಂಗ್‌ಗಳು ಬಂದರು. ಮೊದಲು ಯಾರೋ ಒಬ್ಬಳು, "ಇದು ನನ್ನ ಗೌನಿನ ಬಣ್ಣ!" ಅಂದಳು. ಅಷ್ಟೇ ಸಾಕಾಯಿತು. ಎಂಟು ಜನವೂ ಕೇಕಿನ ಸುತ್ತ ಸೇರಿ, ತೋಳು ಒಡ್ಡಿ, ಸೊಂಟ ಬಗ್ಗಿಸಿ, ತಮ್ಮ ತಮ್ಮ ಹೂವು ಹುಡುಕತೊಡಗಿದರು. ಬೇಬಿ ಕೊನೆಗೆ ಬಂದಳು. ಬಂದಿದ್ದಳು, ಮನಾಂಗ್! ಶಾಲು ಹೊದ್ದು ಗೌನು ಮುಚ್ಚಿಕೊಂಡು. ನಾನು ತುದಿಯನ್ನು ತೋರಿಸಿದೆ. ಅವಳು ಮೇಲೆ ನೋಡಿದಳು, ತನ್ನ ತೋಳು ನೋಡಿದಳು, ಶಾಲು ತೆಗೆದು ಗಂಡನ ಕೈಗೆ ಎಸೆದಳು.

"ನೋಡ್ರೇ, ಎಲ್ಲರಿಗಿಂತ ಮೇಲೆ ಯಾರು?" ಅಂದಳು.

"ಮೇಲಿರೋದು ಮೊದಲು ಬೀಳುತ್ತೆ ಬೇಬಿ" ಅಂದಳು ಹಂದಿಮರಿ ಬಣ್ಣದವಳು.

"ಬಿದ್ರೆ ನಿನ್ನ ಮೇಲೇ ಬೀಳ್ತೀನಿ ಕಣೆ!"

ಮರಿವಿಕ್ ನಕ್ಕ ನಗುವಿಗೆ ಅವಳ ಮುಸುಕು ಜಾರಿಹೋಯಿತು. ಪುರಾ ಬಂದವರಿಗೆಲ್ಲ, "ಒಂದೇ ಬಣ್ಣ ಎಲ್ಲರೂ ಮಾಡ್ತಾರೆ, ಎಂಟು ಬೇಕು ಅಂತ ನಾನೇ ಹೇಳಿದ್ದು" ಅಂತ ಹೇಳಿಕೊಂಡು ತಿರುಗಿದಳು. ಹೇಳಿಕೊಳ್ಳಲಿ ಬಿಡು. ಕೇಕು ಕತ್ತರಿಸಿದ ಮೇಲೆ ಪ್ರತಿಯೊಬ್ಬಳಿಗೂ ತನ್ನ ಹೂವೇ ಬೇಕು ಅಂತ ಜಗಳ. ಪಾದ್ರಿಗಳು ಗೊತ್ತಿಲ್ಲದೆ ಒಂದನ್ನು ಬಾಯಿಗೆ ಹಾಕಿಕೊಂಡರು. ಆ ಹೂವಿನ ಒಡತಿ ಅವರ ಹತ್ತಿರ ಇನ್ನೂ ಮಾತಾಡಿಲ್ಲ. ಮರಿವಿಕ್ ನನ್ನನ್ನು ತಬ್ಬಿಕೊಂಡು, "ತಿಯಾ, ಇದು ತಿಲ್ದೆ ಕೇಕಲ್ಲ, ನಿಮ್ಮ ಕೇಕು" ಅಂದಳು. ಮನೆಗೆ ಬಂದು ಆ ಮಾತನ್ನು ಎಷ್ಟು ಸಲ ತಿರುವಿ ಹಾಕಿದೆ. ನಿನಗೆ ಇದರಿಂದ ಬೇಜಾರಾದರೆ ರೋಸಿಂಗ್ ಈ ಸಾಲು ಬಿಟ್ಟು ಓದಲಿ.

ಇಷ್ಟೆಲ್ಲ ಬರೆದದ್ದು ಜಂಬಕ್ಕಲ್ಲ. ನಾನು ಏನನ್ನೂ ಕೇಳುತ್ತಿಲ್ಲ, ಅಂಗಡಿ ನಿನ್ನದು, ನಿನ್ನ ಮಾತೇ ಮಾತು. ಕಣ್ಣಿಗೆ ಔಷಧಿ ಹೊತ್ತಿಗೆ ಸರಿಯಾಗಿ ಹಾಕಿಸಿಕೋ. ಬಗ್ಗಬೇಡ. ಉಜ್ಜಬೇಡ. ಈರುಳ್ಳಿ ಹೆಚ್ಚುವ ಕಡೆ ಹೋಗಬೇಡ. ಹಿಂದಿರುಗುವಾಗ ಹಡಗಿನ ಕಿಟಕಿ ಪಕ್ಕ ಕೂರಬೇಡ, ಉಪ್ಪು ಗಾಳಿ. ಒಳಗಡೆ ಕೂತರೆ ವಾಂತಿ ಬರಬಹುದು, ಅದೂ ಬೇಡ. ಮಧ್ಯದಲ್ಲಿ ಎಲ್ಲಾದರೂ ಕೂರು.

ನಿನ್ನ ಪುಕ್ಕಲು ತಂಗಿ,
ಲುದಿ

ಇನ್ನೊಂದು ಮಾತು ಮರೆತೆ. ಮರೆತಿಲ್ಲ, ಬರೆಯಲು ಹೆದರಿದ್ದೆ. ನಿನಾಂಗ್ ಬೇಬಿಗೆ ಎಪ್ಪತ್ತು ತುಂಬುತ್ತದೆ, ಮೂರಂತಸ್ತಿನ ಕೇಕು ನಾನೇ ಮಾಡಬೇಕಂತೆ, ಜೂನ್ ಹದಿನಾಲ್ಕಕ್ಕೆ. ಅಕ್ಕನನ್ನು ಕೇಳಿ ಹೇಳುತ್ತೇನೆ ಅನ್ನಲು ಬಾಯಿ ತೆರೆದೆ, ಆಗಲಿ ಅಂತ ಬಂದುಬಿಟ್ಟಿತು. ಮೇ ಮುಗಿದ ಮೇಲೆ ಜೂನ್ ಬರುತ್ತದೆ ಅಂತ ಗೊತ್ತಿದ್ದೇ ಆ ಮಾತು ಬಂತು, ಮನಾಂಗ್. ಹದಿನಾಲ್ಕು ಭಾನುವಾರ ಅನ್ನುತ್ತಾಳೆ ಅವಳು. ನಮ್ಮ ಕ್ಯಾಲೆಂಡರಿನಲ್ಲಿ ನೋಡಲಾರೆ. ಅಂಗಡಿ ಮುಚ್ಚೋಣ ಅಂತ ನೀನು ಹೇಳಿದ ದಿನ ಮೇ ತಿಂಗಳ ಕೆಳಗಿನ ಹಾಳೆಗಳನ್ನೆಲ್ಲ ಹರಿದು ಒಲೆಗೆ ಹಾಕಿದ್ದೆ. ರೋಸಿಂಗ್ ಮನೆಯ ಕ್ಯಾಲೆಂಡರಿನಲ್ಲಿ ಹದಿನಾಲ್ಕು ಭಾನುವಾರವೇನಾ ಅಂತ ನೋಡಿಸಿ ತಿಳಿಸು. ಒಂದು ಸಲ ನೋಡಿದ ಮೇಲೆ ಇನ್ನೊಂದು ಸಲ ನೋಡಿಸು.