ಗೋಡೆಯಿಲ್ಲದ ಬಾಗಿಲು

ಇಚಲಕರಂಜಿ, ೧೯೬೨

ವೈನಿಯವರಿಗೆ ಶರಣು.

ರಸ್ತೆ ಅಗಲ ಮಾಡುವವರು ನಮ್ಮ ಬಾಡಿಗೆ ಮನೆಯ ಮುಂದಿನ ಗೋಡೆ ಕೆಡವಿದರು. ಬಾಗಿಲಿಗೆ ಬಂದಾಗ ಮನೆಯೊಡತಿ ಗೌರವ್ವ, “ಈಗಷ್ಟ ಹೊಸ್ತಲ ಪೂಜಿ ಮಾಡೇನಿ, ಮುಟ್ಟೀರಿ ಜ್ವಾಕಿ!” ಎಂದಳು. ಅವರು ಕೈಮುಗಿದು ಬಾಗಿಲನ್ನಷ್ಟೇ ಬಿಟ್ಟು ಹೋದರು. ಈಗ ಬಯಲಲ್ಲಿ ಬಾಗಿಲೊಂದೇ ನಿಂತಿದೆ. ಆದರೂ ನಾವೆಲ್ಲ ಚಿಲಕ ಬಡಿದೇ ಒಳಗೆ ಹೋಗಬೇಕು.

ನಿನ್ನೆ ಮಗ್ಗದ ಪಾಳಿ ಮುಗಿಸಿ ಬಂದರೆ ಬಾಗಿಲಿಗೆ ಕೀಲಿ. ಗೌರವ್ವ ಬಜಾರಿಗೆ ಹೋಗಿದ್ದಳು. ಹಸಿದು ಹೊರಗೇ ಕೂತೆ. ಯಾರದೋ ಎಮ್ಮೆ ಬಾಗಿಲ ಪಕ್ಕದಿಂದ ಒಳಗೆ ನುಗ್ಗಿ, ನೀವು ಕಳಿಸಿ ನಾನು ಒಳಗಿಟ್ಟಿದ್ದ ರೊಟ್ಟಿಯನ್ನೆಲ್ಲ ನನ್ನ ಕಣ್ಣೆದುರೇ ತಿಂದಿತು.

ಗೌರವ್ವ ಬಂದು, “ಎಮ್ಮೀನ ಹೊಡದ ಹೊರಗ ಹಾಕಬಾರದೇನೊ?” ಎಂದು ಬೈದಳು.

“ಬಾಗಲಾ ಕೀಲಿ ಹಾಕಿತ್ತಲ್ರಿ!” ಎಂದೆ.

“ಅದೂ ಖರೇನ ಬಿಡು” ಎಂದು ಕೀಲಿ ತೆಗೆದಳು.

ನನ್ನ ಕೆಮ್ಮು ಕಡಿಮೆಯಾಗಿದೆ. ರೊಟ್ಟಿ ಮತ್ತೆ ಕಳಿಸಿರಿ, ಈ ಸಲ ಸ್ವಲ್ಪ ಹೆಚ್ಚಿಗೆ. ಎಮ್ಮೆ ಇವತ್ತೂ ಬಂದಿತ್ತು.

ಪಾಳಿಗೆ ಹೊತ್ತಾಯಿತು.

ನಿಮ್ಮ ಮೈದುನ
ಸಿದ್ರಾಮ